ಉದುರಿದ ತೊಟ್ಟು

ಗುಲಾಬಿ ಸಾಲಿನಲ್ಲಿ ಮಂಡಿಯೂರಿ ಕಳೆ ಕೀಳುತ್ತಿದ್ದಾಗ ತಿನೆಕೆಯ ಬೆರಳು ಒಂದು ತೊಟ್ಟಿಗೆ ತಗುಲಿತು. ತೊಟ್ಟು ಉದುರಿ ಮಣ್ಣಿಗೆ ಬಿತ್ತು.

ಪಕ್ಕದ ಗಿಡ ಮುಟ್ಟಿದಳು. ಅದೂ ಉದುರಿತು. ಅದರಾಚೆಯದೂ.

ಅದು ಪರೀಕ್ಷೆಯ ಸಾಲು. ಬೇಕರಿಯಲ್ಲಿ ಬ್ರೆಡ್ಡು ಮಾರುತ್ತಲೇ ನಲವತ್ತು ದಾಟಿದವಳು, ಚಳಿಗಾಲವೆಲ್ಲ ಸಂಜೆ ತರಗತಿಗೆ ಸೈಕಲ್ ತುಳಿದು, ಶನಿವಾರಗಳನ್ನು ಬೊಸ್ಕೋಪ್ ಊರಿನ ಈ ನರ್ಸರಿಯಲ್ಲಿ ಕಳೆದು, ತೋಟಗಾರಿಕೆ ಸರ್ಟಿಫಿಕೇಟಿನ ಹೊಸ್ತಿಲವರೆಗೆ ಬಂದಿದ್ದಳು. ಕೊನೆಯ ಪರೀಕ್ಷೆ ಕಣ್ಣು ಕಸಿ. ಕಾಡುಗುಲಾಬಿಯ ಬುಡದಲ್ಲಿ ತೊಗಟೆ ಸೀಳಿ, ಒಳ್ಳೆಯ ಗುಲಾಬಿಯ ಒಂದು ಕಣ್ಣನ್ನು, ಎಂದರೆ ಚಿಗುರುಮೊಗ್ಗನ್ನು, ಅದರ ಎಲೆಯ ತುಂಡು ತೊಟ್ಟಿನ ಸಮೇತ ಒಳಗೆ ಕೂರಿಸಬೇಕು. ಜೋಡಿಯ ಕೆಲಸ ಅದು. ಒಬ್ಬರು ಮುಂದೆ ಕಣ್ಣು ಕೂರಿಸುತ್ತ ಹೋದರೆ ಇನ್ನೊಬ್ಬರು ಹಿಂದೆ ಅದಕ್ಕೆ ಪಟ್ಟಿ ಕಟ್ಟುತ್ತ ಬರಬೇಕು.

ಅವಳ ಹಿಂದೆ ಕಟ್ಟುತ್ತ ಬಂದವನು ಅದೇ ಸಂಜೆ ತರಗತಿಯ ಯೋರಿಸ್.

“ಇಷ್ಟು ವರ್ಷ ಟ್ರಾಮಿನಲ್ಲಿ ನಾನೇ ಮುಂದೆ ಕೂತು ಓಡಿಸ್ದೆ,” ಎಂದಿದ್ದ ಮೂರು ವಾರದ ಹಿಂದೆ, ಕಸಿಯ ದಿನ. “ಹಿಂದೆ ಬರೋ ಸುಖ ಈಗ ಗೊತ್ತಾಗ್ತಿದೆ.”

“ಗಿಡ ನೋಡಿ ಕಟ್ಟು ಮಾರಾಯ.”

“ಗಿಡಾನೇ ನೋಡ್ತಿದೀನಿ. ಮಧ್ಯೆ ನಿನ್ನ ಕಿವಿ ಬಂದ್ರೆ ನಾನೇನ್ ಮಾಡ್ಲಿ?”

ಅವಳು ತಿರುಗಲಿಲ್ಲ. ಆ ಕಿವಿ ಕೆಂಪಾದದ್ದು ಹಿಂದಿದ್ದವನಿಗೆ ಕಾಣದೆ ಇರುತ್ತದೆಯೇ!

ಸಾಲಿನ ಕೊನೆಯಲ್ಲಿ ಅವನು ಅವಳ ಮಣ್ಣುಗೈ ಹಿಡಿದುಕೊಂಡ. “ನನ್ನ ಜೊತೆ ಬಂದ್ಬಿಡು ತಿನೆಕೆ. ಝೇಲಂಡಿನಲ್ಲಿ ಅಣ್ಣನ ಸೇಬಿನ ತೋಟ ಇದೆ. ಇಬ್ಬರಿಗೂ ಕೆಲಸ ಇದೆ. ಕೆಲಸಕ್ಕೆ ಮಾತ್ರ ಕರೀತಿಲ್ಲ, ತಿಳೀತಲ್ವಾ?”

ತಿಳಿದಿತ್ತು. ನಾಲಿಗೆ ಮಾತ್ರ ಏಳಲಿಲ್ಲ. ಅವನು ಕಾದ. ಆಮೇಲೆ ಮೆಲ್ಲಗೆ ಕೈ ಬಿಟ್ಟ.

“ಈಗಲೇ ಬೇಡ. ಮನಸ್ಸಾದ್ರೆ ಕಾಗದ ಬರಿ.”

ಮರುದಿನವೇ ಹೊರಟುಹೋದ.

ಇಷ್ಟೇನಾ? ಬೇಕು ಅನ್ನುವವನು ಹೀಗೆ ಕೈ ಬಿಡುತ್ತಾನೆಯೇ? ಇನ್ನೊಂದು ಸಲ ಕೇಳಬಾರದಿತ್ತೇ? ಬರುತ್ತೇನೆ ಎಂದು ಅವಳು ಬರೆದದ್ದು ಆ ವಾರವೇ. ಆದರೆ ಲಕೋಟೆ ಏಪ್ರನ್ ಜೇಬಿನಲ್ಲೇ ಉಳಿದು ಮಣ್ಣು ಬಣ್ಣಕ್ಕೆ ತಿರುಗಿತ್ತು. ಬೆಳಿಗ್ಗೆ ಹಾಕೋಣ ಅನಿಸುವುದು, ಸಂಜೆಗೆ ಅವನು ತಮಾಷೆಗೆ ಅಂದಿರಬೇಕು ಅನಿಸುವುದು.

ಈಗ ನೋಡಿದರೆ ಕಸಿಯೂ ಕೈಕೊಟ್ಟಿತ್ತು.

ನರ್ಸರಿಯ ಯಜಮಾನ ಮುದುಕ ಕೋರ್ನೆಲಿಸ್ ಕಾಲುವೆಯಲ್ಲಿ ಕಟ್ಟಿದ ದೋಣಿಯ ಅಂಚಿನಲ್ಲಿ ಕೂತು ಬ್ರೆಡ್ಡು ಚೀಸು ತಿನ್ನುತ್ತಿದ್ದ.

“ಬಾಸ್, ಎಲ್ಲಾ ಹೋಯ್ತು. ಮುಟ್ಟಿದ್ರೆ ಸಾಕು, ತೊಟ್ಟು ಉದುರ್ತಿವೆ.”

“ಒಂದೂ ಉಳ್ದಿಲ್ವಾ?”

“ತುದೀಲಿ ಒಂದೇ ಒಂದು ಗಟ್ಟಿಯಾಗಿ ಅಂಟ್ಕೊಂಡಿದೆ. ಅದೊಂದಾದ್ರೂ ಬದುಕ್ತು.”

ಬಾಸ್‌ಗೆ ನಗುವಿನಲ್ಲಿ ಬ್ರೆಡ್ಡು ನೆತ್ತಿಗೇರಿತು. “ಅಯ್ಯೋ ಪುಣ್ಯಾತ್ಗಿತ್ತಿ, ಅದೊಂದೇ ಕಣೇ ಸತ್ತಿರೋದು!”

ಸಾಲಿಗೆ ಬಂದು, ತೊಟ್ಟು ಉದುರಿದ ಒಂದು ಗಿಡದ ಕಟ್ಟು ಸಡಿಲಿಸಿದ. ಒಳಗೆ ಕಣ್ಣು ಹಸಿರಾಗಿ, ಕೊಬ್ಬಿಕೊಂಡು ಕೂತಿತ್ತು.

“ಕಣ್ಣು ಹಿಡಿದ ಮೇಲೆ ತೊಟ್ಟಿಗೇನು ಕೆಲಸ? ತಾನಾಗೇ ಬಿಡುತ್ತೆ. ಒಣಗಿ ಅಂಟ್ಕೊಂಡಿದೆ, ಜಗ್ಗಿದ್ರೂ ಬರಲ್ಲ ಅಂದ್ರೆ ಒಳಗೆ ಜೀವ ಇಲ್ಲ ಅಂತ. ಇದು ಫೆಬ್ರವರೀಲಿ ನಾನೇ ಮಾಡಿದ ಪಾಠ. ಅವತ್ತೆಲ್ಲಿದ್ದೆ?”

“ತರಗತೀಲೇ ಇದ್ದೆ ಬಾಸ್,” ಎಂದಳು ತಿನೆಕೆ ತಲೆ ತಗ್ಗಿಸಿ.

ಇದ್ದಳು. ಆದರೆ ಪಾಠದುದ್ದಕ್ಕೂ ಕಿಟಕಿಯ ಗಾಜಿನಲ್ಲಿ ಮೂಡಿದ್ದ ಯೋರಿಸ್‌ನ ಮುಖ ನೋಡುತ್ತಿದ್ದಳು. ಅವನೂ ಕಿಟಕಿಯ ಕಡೆಗೇ ತಿರುಗಿದ್ದ. ಹೊರಗೆ ಏನನ್ನೋ ನೋಡುತ್ತಿದ್ದಾನೆ ಅಂದುಕೊಂಡಿದ್ದಳು.

“ಆ ಯೋರಿಸ್ ಕೂಡ ನಿನ್ನ ಹಾಗೇ,” ಎಂದ ಬಾಸ್. “ಹೊರಡೋ ದಿನ ಬಂದು ಕೇಳ್ತಾನೆ, ತೊಟ್ಟು ಉದುರಿದ್ರೆ ಒಳ್ಳೇದೋ ಕೆಟ್ಟದ್ದೋ ಅಂತ! ಒಂದೇ ಕ್ಲಾಸಲ್ಲಿ ಕೂತು ಇಬ್ಬರೂ ಏನ್ ಕೇಳಿಸ್ಕೊಂಡ್ರೋ ದೇವರಿಗೇ ಗೊತ್ತು.”

ತಿನೆಕೆ ಎದ್ದು ನಿಂತಳು. ಫೆಬ್ರವರಿಯ ಸಂಜೆ. ಕಿಟಕಿಯಾಚೆ ಬರೀ ಕತ್ತಲೆ. ಹೊರಗೆ ಕಾಣಲು ಏನಿತ್ತು? ಗಾಜಿನಲ್ಲಿ ಅವನಿಗೆ ಕಾಣುತ್ತಿದ್ದದ್ದು ಅವಳ ಮುಖ ಮಾತ್ರ.

ಜೇಬಿನಿಂದ ಲಕೋಟೆ ತೆಗೆದಳು. ಗಿಡದ ಚೀಟಿ ಬರೆಯುವ ಮೋಟು ಪೆನ್ಸಿಲಿನಿಂದ ಅದರ ಬೆನ್ನ ಮೇಲೆ ಬರೆದಳು: ತೊಟ್ಟು ಉದುರಿದವು.

“ಎಲ್ಲಿಗೇ? ಕಳೆ ಯಾರು ಕೀಳ್ತಾರೆ?”

“ಈಗ ಬಂದೆ ಬಾಸ್!”

ಹಲಗೆ ಸೇತುವೆ ದಾಟಿದರೆ ರಸ್ತೆಯಂಚಿಗೆ ಕೆಂಪು ಅಂಚೆ ಡಬ್ಬಿ. ಲಕೋಟೆಯ ತುದಿ ಡಬ್ಬಿಯ ಬಾಯೊಳಗೆ ಹೋಯಿತು. ಒಂದು ಗಳಿಗೆ ಅವಳು ಹಿಡಿದುಕೊಂಡೇ ನಿಂತಳು.

ಆಮೇಲೆ ಬೆರಳುಗಳು ತಾವಾಗಿಯೇ ಬಿಟ್ಟವು.