ಹಿಂದಿನ ಸೀಟಿಗೆ ಹತ್ತಕ್ಕೆ ಎಷ್ಟು?

2025ರ ನವೆಂಬರ್ 16, ಭಾನುವಾರ, ಬೆಳಿಗ್ಗೆ 7 ಗಂಟೆ 10 ನಿಮಿಷ. ಹೊರಡುವ ಊರು ಅರಸೀಕೆರೆ. ಬ್ಯಾಟರಿ ಶೇಕಡಾ 80.

ಇಷ್ಟು ಬರೆದು ಮೇಧಿನಿ ಪೆನ್ನಿನ ತುದಿ ಕಚ್ಚಿಕೊಂಡಳು. "ಅಪ್ಪ, ಮುಂದಿನ ಕಾಲಮ್‌ಗೆ ಏನು ಬರೀಲಿ? 'ಹಿಂದಿನ ಸೀಟು, ಹತ್ತಕ್ಕೆ ಎಷ್ಟು' ಅಂತ ಇದೆ."

"ಇನ್ನೂ ಕಾರೇ ಹೊರಟಿಲ್ವಲ್ಲೇ! ಖಾಲಿ ಬಿಡು," ಎಂದು ಅಪ್ಪ ಮುಂದಿನ ಸೀಟಿನಿಂದ ತಿರುಗಿ ನೋಡಿದರು. "ಜಾವಗಲ್‌ನಲ್ಲಿ ಒಂದ್ಸಲ, ಹಳೇಬೀಡಲ್ಲಿ ಒಂದ್ಸಲ, ಬೇಲೂರಲ್ಲಿ ಒಂದ್ಸಲ ಬರಿ. ಹಿಂದೆ ಕೂತಿರೋದು ನೀನು, ಅಜ್ಜಿ. ನಿಮಗೆ ಹೇಗನ್ಸುತ್ತೋ ಅದೇ ಮಾರ್ಕ್ಸು."

"ನಂಗೆ ಈಗ್ಲೇ ಹತ್ತಕ್ಕೆ ಹತ್ತು ಕಣೋ ಶ್ರೀರಾಮ," ಎಂದರು ಅಜ್ಜಿ ಚೆಲುವಾಂಬ, ಮೆತ್ತನೆಯ ಸೀಟನ್ನು ಒತ್ತಿ ನೋಡುತ್ತಾ. "ನಮ್ಮನೆ ಹಾಸಿಗೇನೂ ಹಿಂಗಿಲ್ಲ."

ಅಪ್ಪ ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ಪ್ರೆಷರ್ ಕುಕ್ಕರ್ ಕೊಂಡಾಗಲೂ ಗಡಿಯಾರ ಹಿಡಿದು ವಿಷಲ್ ಎಣಿಸಿದವರು. ಇನ್ನು ಎಲೆಕ್ಟ್ರಿಕ್ ಕಾರು ಎಂದರೆ ಬಿಡುತ್ತಾರೆಯೇ? ಶೋರೂಮಿನವರು ಒಂದು ದಿನಕ್ಕೆ ಓಡಿಸಿ ನೋಡಲು ಕೊಟ್ಟಿದ್ದ ಈ ದೊಡ್ಡ ಬಿಳಿ ಕಾರಿಗಾಗಿ ಅವರು ಹೊಸ ನೋಟ್‌ಬುಕ್ಕನ್ನೇ ತೆಗೆದಿದ್ದರು. ಅದರ ಮೊದಲ ಪುಟದಲ್ಲಿ ಕೆಂಪು ಇಂಕಿನ ಒಂದು ಸಾಲಿತ್ತು: "ಬೇಲೂರಿಗೆ ಹೋಗಿ ಬಂದ ಮೇಲೆ 45 ಉಳಿಯಬೇಕು. ಕಡಿಮೆಯಾದರೆ ಬೇಡ."

ಹೋಗಿ ಬರಲು 35 ಖರ್ಚಾಗಬಹುದು ಎಂಬುದು ಅಪ್ಪನ ಲೆಕ್ಕ. ರಾತ್ರಿ ಕರೆಂಟ್ ಕೈಕೊಟ್ಟು ಚಾರ್ಜ್ ಆಗದಿದ್ದರೂ ಮಾರನೆಯ ದಿನ ಇನ್ನೊಂದು ಸಲ ಹೋಗಿ ಬರಬೇಕು. ಆಮೇಲೂ 10 ಉಳಿಯಬೇಕು.

ಕಾರು ಓಡಿಸುತ್ತಿದ್ದವರು ಅಮ್ಮ. ದಿನಾ ಬೇಲೂರಿಗೆ ಹೋಗಬೇಕಾದವರೂ ಅವರೇ. ಅಲ್ಲಿನ ಹೈಸ್ಕೂಲಿನಲ್ಲಿ ಅಮ್ಮ ಟೀಚರ್. ಬೆಳಿಗ್ಗೆ ಆರೂ ನಲವತ್ತಕ್ಕೆ ಬಸ್‌ಸ್ಟ್ಯಾಂಡಿಗೆ ಓಡಿದರೆ, ದಾರಿಯಲ್ಲಿ ಒಂದು ಬಸ್ ಬದಲಾಯಿಸಿ, ಸಂಜೆ ಮನೆ ಸೇರುವಾಗ ಏಳು ಗಂಟೆ. ಹಾಗಾಗಿ ಮೇಧಿನಿಗೆ ಜಡೆ ಹಾಕುವ ಕೆಲಸ ಅಜ್ಜಿಯದು. ಅಜ್ಜಿ ಜಡೆ ಹಾಕಿದರೆ ಎಷ್ಟು ಬಿಗಿ ಎಂದರೆ ಹುಬ್ಬೂ ಮೇಲಕ್ಕೆ ಹೋಗುತ್ತದೆ. ಕಾರು ಬಂದರೆ ಅಮ್ಮ ಎಂಟು ಗಂಟೆಗೆ ಹೊರಟರೂ ಸಾಕು. ಜಡೆಯನ್ನು ಅಮ್ಮನೇ ಹಾಕಬಹುದು. ಮೇಧಿನಿಯ ಲೆಕ್ಕ ಇಷ್ಟೇ ಆಗಿತ್ತು. ಅದನ್ನು ಅವಳು ಯಾವ ನೋಟ್‌ಬುಕ್ಕಿನಲ್ಲೂ ಬರೆದಿರಲಿಲ್ಲ.

"ತಿದ್ದೋದಾದ್ರೆ ಉಜ್ಜಬೇಡ, ವೈಟ್ನರೂ ಬೇಡ," ಅಪ್ಪ ಹೇಳಿದರು. "ಒಂದೇ ಗೆರೆ ಎಳೆದು ಪಕ್ಕದಲ್ಲಿ ಬರಿ. ಮೊದಲು ಏನು ಬರ್ದಿದ್ದೆ ಅನ್ನೋದೂ ಕಾಣ್ಬೇಕು."

ಕಾರು ಸದ್ದಿಲ್ಲದೆ ಹೊರಟಿತು.

"ಈಗ ನೋಡಿ ಮಜಾ," ಎಂದು ಅಪ್ಪ ಶುರುಮಾಡಿದರು. "ರಂಜನಾ, ಪೆಡಲ್‌ನಿಂದ ಕಾಲು ತೆಗಿ. ಬ್ರೇಕ್ ಮುಟ್ಟಬೇಡ."

ಅಮ್ಮ ಕಾಲು ತೆಗೆದರು. ಕಾರು ಯಾರೋ ಹಿಂದಿನಿಂದ ಹಗ್ಗ ಹಾಕಿ ಎಳೆದಂತೆ ನಿಧಾನವಾಯಿತು. ಅಜ್ಜಿಯ ಕನ್ನಡಕ ಮೂಗಿನ ತುದಿಗೆ ಜಾರಿತು.

"ಉರುಳೋ ಚಕ್ರದಿಂದಾನೇ ಬ್ಯಾಟರಿಗೆ ಚಾರ್ಜ್ ವಾಪಸ್! ಇದರಲ್ಲಿ ಮೂರು ಲೆವೆಲ್ ಇದೆ. ನಾವು ಮೂರರಲ್ಲೇ ಹೋಗೋಣ. ಜಾಸ್ತಿ ಉಳಿಯುತ್ತೆ."

ಪ್ರತಿ ಹಂಪ್ಸ್ ಬಂದಾಗಲೂ ಅಮ್ಮ ಕಾಲು ತೆಗೆಯುತ್ತಿದ್ದರು, ಕಾರು ಜಗ್ಗುತ್ತಿತ್ತು. ಮತ್ತೆ ಒತ್ತಿದರೆ ಮುಂದಕ್ಕೆ ನೆಗೆಯುತ್ತಿತ್ತು. ಮೇಧಿನಿ ತಲೆ ತಗ್ಗಿಸಿ ಬರೆಯುತ್ತಿದ್ದಳು. ಜಾವಗಲ್ ತಲುಪುವ ಹೊತ್ತಿಗೆ ಅವಳ ಹೊಟ್ಟೆಯೊಳಗೆ ಏನೋ ಮೆಲ್ಲಗೆ ಮಗುಚಿಕೊಂಡಿತು.

"ಮೇಧಿನಿ, ಹಿಂದಿನ ಸೀಟು?"

ಅವಳು ಎಂಜಲು ನುಂಗಿದಳು. "ಹತ್ತು, ಅಪ್ಪ."

ಹಳೇಬೀಡಿನಲ್ಲಿ ಹಣೆಯ ಮೇಲೆ ತಣ್ಣಗೆ ಬೆವರಿತ್ತು. ಅಲ್ಲಿಯೂ ಹತ್ತು ಎಂದು ಬರೆದಳು. ಈ ಹತ್ತರ ಸೊನ್ನೆ ಕೋಳಿಮೊಟ್ಟೆಯ ಹಾಗೆ ಸೊಟ್ಟಗಾಗಿತ್ತು.

ಬೇಲೂರು ತಲುಪಿದಾಗ ಸ್ಕ್ರೀನಿನಲ್ಲಿ 63 ಇತ್ತು. "ಹದಿನೇಳೇ ಖರ್ಚು!" ಎಂದು ಅಪ್ಪ ತೊಡೆ ತಟ್ಟಿಕೊಂಡರು. ಮೇಧಿನಿ ಮೂರನೇ ಹತ್ತು ಬರೆದಳು. ಹೋಟೆಲಿನಲ್ಲಿ ಎಲ್ಲರಿಗೂ ಮಸಾಲೆ ದೋಸೆ ಬಂತು. ಮೇಧಿನಿ ತಟ್ಟೆ ದೂರ ತಳ್ಳಿದಳು.

"ಯಾಕೇ? ದೋಸೆ ಬೇಡ ಅನ್ನೋ ಹುಡುಗಿಯೇನೇ ನೀನು?" ಅಜ್ಜಿ ಕೇಳಿದರು.

"ಹಸಿವಿಲ್ಲ ಅಜ್ಜಿ."

ಅಜ್ಜಿ ಅವಳನ್ನೇ ಒಂದು ಕ್ಷಣ ನೋಡಿದರು. ಹೋಟೆಲಿನವನ ಹತ್ತಿರ ಒಂದು ಪ್ಲಾಸ್ಟಿಕ್ ಕವರ್ ಕೇಳಿ ತಮ್ಮ ಬ್ಯಾಗಿಗೆ ಹಾಕಿಕೊಂಡರು.

ವಾಪಸ್ ಬರುವಾಗ ಹುಲಿಕೆರೆಗೆ ತಿರುಗುವ ರಸ್ತೆ ಹತ್ತಿರವಾಗಿತ್ತು. ಸಾಲಾಗಿ ಮೂರು ಹಂಪ್ಸ್. ಮೊದಲನೆಯದಕ್ಕೆ ಮೇಧಿನಿ ಕಣ್ಣು ಮುಚ್ಚಿದಳು. ಎರಡನೆಯದಕ್ಕೆ ಬಾಯಿ ಮುಚ್ಚಿದಳು. ಮೂರನೆಯದಕ್ಕೆ ಅಜ್ಜಿ ಕವರ್ ಬಿಚ್ಚಿ ಹಿಡಿದರು.

"ರಂಜನಾ, ಕಾರು ನಿಲ್ಸು!"

ರಸ್ತೆ ಪಕ್ಕದ ಹುಣಸೆಮರದ ಕೆಳಗೆ ಬಸಮ್ಮ ಎಂಬ ಹೆಂಗಸು ಕುರಿ ಬಿಟ್ಟುಕೊಂಡು ಕೂತಿದ್ದಳು. ತನ್ನ ಬಾಟಲಿಯ ನೀರನ್ನೇ ಕೊಟ್ಟಳು. "ಇದ್ಯಾವ ಕಾರವ್ವಾ, ಬಂದಿದ್ದೇ ಗೊತ್ತಾಗ್ಲಿಲ್ಲ, ಸದ್ದೇ ಇಲ್ವಲ್ಲ! ಮಗಾ, ಮುಖ ತೊಳ್ಕೊ. ಅಲ್ಲಿ ನಿಂಬೆಗಿಡ ಐತೆ, ಒಂದೆಲೆ ಹಿಸುಕಿ ಮೂಸ್ಕೊ, ಸರಿಹೋಯ್ತದೆ."

ಅಪ್ಪ ನೋಟ್‌ಬುಕ್ ತೆರೆದು ನಿಂತಿದ್ದರು. ಹತ್ತು, ಹತ್ತು, ಹತ್ತು. ಅಂಕಿಗಳು ಸಾಲಿನಿಂದ ಸಾಲಿಗೆ ಸೊಟ್ಟಗಾಗುತ್ತ ಹೋಗಿದ್ದವು.

"ಯಾವಾಗಿಂದ ಹೀಗಾಗ್ತಿದೆ?"

"ಜಾವಗಲ್‌ನಿಂದ," ಎಂದಳು ಮೇಧಿನಿ ನೆಲ ನೋಡುತ್ತ.

"ಮತ್ತೆ ಈ ಹತ್ತು?"

ಮೇಧಿನಿಗೆ ಅಳು ಬಂತು. "ಕಡಿಮೆ ಬರೆದ್ರೆ ನೀವು ಕಾರು ಬೇಡ ಅಂತೀರ. ಆಮೇಲೆ ಅಮ್ಮ ಮತ್ತೆ ಬಸ್ಸಲ್ಲೇ ಹೋಗ್ಬೇಕು. ಅಜ್ಜಿ ಜಡೆ ತುಂಬಾ ಬಿಗಿ."

"ನನ್ನ ಜಡೆಗೇನಾಗಿದೆಯೇ?" ಎಂದು ಅಜ್ಜಿ ಸೊಂಟದ ಮೇಲೆ ಕೈಯಿಟ್ಟರು. ಅಮ್ಮ ಮಾತ್ರ ನಗಲಿಲ್ಲ. ಸೆರಗಿನಿಂದ ಮೇಧಿನಿಯ ಮುಖ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು.

ಅಪ್ಪ ಬೈಯಲಿಲ್ಲ. ಗಡ್ಡ ಕೆರೆದುಕೊಂಡು, "ಮುಂದೆ ಕೂತ ನಂಗೆ ಏನೂ ಆಗ್ಲಿಲ್ವಲ್ಲ. ನೋಡ್ಲೇಬೇಕು," ಎಂದು ಹಿಂದಿನ ಸೀಟಿನಲ್ಲಿ ಹೋಗಿ ಕೂತರು. "ರಂಜನಾ, ಆ ತಿರುವಿನ ತನಕ ಹೋಗಿ ಬರೋಣ. ಹಂಪ್ಸ್ ಬಂದಾಗ ತೆಗೆದ ಹಾಗೇ ಕಾಲು ತೆಗೀತಾ ಇರು. ನಾನು ಬರೀತಾ ಇರ್ತೀನಿ."

"ತೆಗೀತೀನಿ, ತೆಗೀತೀನಿ," ಎಂದ ಅಮ್ಮನ ದನಿ ಯಾಕೋ ಸ್ವಲ್ಪ ಜಾಸ್ತಿಯೇ ಸಿಹಿಯಾಗಿತ್ತು.

ಬಿಳಿ ಕಾರು ಹೋಯಿತು. ಮಂಡಿಯೂರಿ ಎದ್ದ ಹಾಗೆ ಜಗ್ಗುತ್ತ, ನೆಗೆಯುತ್ತ, ಜಗ್ಗುತ್ತ ಹೋಯಿತು. ಹಾಗೆಯೇ ವಾಪಸ್ ಬಂತು. ಹಿಂದಿನ ಬಾಗಿಲು ತೆರೆಯಿತು. ಅಪ್ಪ ಇಳಿದು ಹುಣಸೆಮರವನ್ನು ಹಿಡಿದುಕೊಂಡರು. ಅವರ ಮುಖ ಕಾರಿನಷ್ಟೇ ಬೆಳ್ಳಗಾಗಿತ್ತು.

"ಎಷ್ಟೋ ಶ್ರೀರಾಮ, ಹತ್ತಕ್ಕೆ?" ಅಜ್ಜಿ ಕೇಳಿದರು.

"ಒಂದು," ಎಂದರು ಅಪ್ಪ. "ಆ ನಿಂಬೆಸೊಪ್ಪು ಎಲ್ಲಿದೆ?"

ಬಸಮ್ಮ ನಕ್ಕ ಜೋರಿಗೆ ಕುರಿಗಳೆಲ್ಲ ತಲೆಯೆತ್ತಿ ನೋಡಿದವು. ಮೇಧಿನಿಗೂ ಅಳುವಿನ ನಡುವೆಯೇ ನಗು ಬಂತು.

ಆಮೇಲೆ ಅಮ್ಮ ಲೆವೆಲ್ಲನ್ನು ಮೂರರಿಂದ ಒಂದಕ್ಕೆ ಇಳಿಸಿದರು. ಮೇಧಿನಿ ಮುಂದಿನ ಸೀಟಿಗೆ ಬಂದಳು, ಅಪ್ಪ ಹಿಂದೆ ಹೋದರು. ಕಿಟಕಿ ತೆಗೆದರು. ಕಾರು ಈಗ ನೀರಿನ ಮೇಲೆ ಹೋದಂತೆ ಹೋಗುತ್ತಿತ್ತು.

"ಕಿಟಕಿ ತೆಗೆದ್ರೆ ಗಾಳಿ ತಡೆಯುತ್ತೆ, ಬ್ಯಾಟರಿ ಜಾಸ್ತಿ..." ಎಂದು ಶುರುಮಾಡಿದ ಅಪ್ಪ, ಮೇಧಿನಿಯ ಮುಂಗುರುಳು ಹಾರುವುದನ್ನು ನೋಡಿ ಸುಮ್ಮನಾದರು.

ಹನ್ನೆರಡೂ ಇಪ್ಪತ್ತಕ್ಕೆ ಕಾರು ಮನೆ ಮುಂದೆ ನಿಂತಿತು.

"ಮೇಧಿನಿ, ಎಷ್ಟಿದೆ?" ಸ್ಕ್ರೀನ್ ಕಾಣದ ಅಪ್ಪ ಹಿಂದಿನಿಂದ ಕೇಳಿದರು.

ಮೇಧಿನಿ ನೋಡಿದಳು. ಅಮ್ಮನೂ ನೋಡಿದರು. ಒಂದೇ ಒಂದು ಕಡಿಮೆ.

"ನಲವತ್ತನಾಲ್ಕು, ಅಪ್ಪ."

"ಹಾಗಾದ್ರೆ ಖರ್ಚು ಮೂವತ್ತಾರು," ಎಂದರು ಅಪ್ಪ. "ನಾಳೆ ಇನ್ನೊಂದು ಮೂವತ್ತಾರು ಕಳೆದ್ರೆ ಉಳಿಯೋದು ಎಂಟು. ಹತ್ತು ಬೇಕಿತ್ತು."

"ಆ ಹತ್ತು ಯಾಕೆ ಇಟ್ಟಿದ್ರಿ?" ಅಮ್ಮ ಕೇಳಿದರು.

"ಧೈರ್ಯಕ್ಕೆ."

"ನಂಗೆ ಎಂಟರಷ್ಟು ಧೈರ್ಯ ಸಾಕು ಕಣ್ರೀ."

ಅಪ್ಪ ಮೊದಲ ಪುಟ ತೆರೆದರು. ಕೆಂಪು ಸಾಲಿನ 45ರ ಮೇಲೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ 44 ಎಂದು ಬರೆದು, ನೋಟ್‌ಬುಕ್ಕನ್ನು ಮುಂದಕ್ಕೆ ಚಾಚಿದರು. "ಕೊನೇ ಸಾಲು ನೀನೇ ಬರಿ. ಹಿಂದಿನ ಸೀಟಿಗೆ ಈಗ ನನ್ನ ಮಾರ್ಕ್ಸು ಹತ್ತಕ್ಕೆ ಎಂಟು."

"ಬೇಗ ಬರಿಯೇ, ನಂಗೆ ಹಸಿವು," ಎಂದರು ಅಜ್ಜಿ.

ಮೇಧಿನಿ ಮೊದಲು ಮೂರು ಹತ್ತುಗಳ ಮೇಲೆ ಗೆರೆ ಎಳೆದಳು. ಪಕ್ಕದಲ್ಲಿ ನಾಲ್ಕು, ಮೂರು, ಎರಡು ಎಂದು ಬರೆದಳು. ಗೆರೆಯ ಕೆಳಗೆ ಹತ್ತುಗಳು ಹಾಗೇ ಕಾಣುತ್ತಿದ್ದವು. ಅಪ್ಪನ 45 ಕೂಡ ಹಾಗೇ ಕಾಣುತ್ತಿತ್ತಲ್ಲ ಎಂದು ನೆನಪಾಯಿತು. ಅವಳಿಗೆ ಅವನ್ನು ಮುಚ್ಚಿಡಬೇಕು ಎನಿಸಲಿಲ್ಲ.

ಪಕ್ಕದಿಂದ ಅಮ್ಮ ಕೈಚಾಚಿ ಅವಳ ಜಡೆಯ ಬ್ಯಾಂಡ್ ತೆಗೆದು, ಕೂದಲನ್ನು ಎಳೆಎಳೆಯಾಗಿ ಸಡಿಲಿಸತೊಡಗಿದರು. ಮೇಧಿನಿ ತಲೆ ಅಲ್ಲಾಡಿಸದೆ, ನಿಧಾನವಾಗಿ, ದುಂಡಗೆ ಬರೆದಳು.

ಅರಸೀಕೆರೆ, ಮಧ್ಯಾಹ್ನ 12 ಗಂಟೆ 20 ನಿಮಿಷ. ಹಿಂದಿನ ಸೀಟು, ಅಪ್ಪ ಹೇಳಿದಂತೆ, 8. ಬ್ಯಾಟರಿ ಶೇಕಡಾ 44.