ಅಜ್ಜಿಯ ಸಣ್ಣಪುಟ್ಟ ಸಂಗತಿಗಳು

“ಮಿ-ನ್ಯೂ-ಷಿ-ಯೆ,” ಎಂದು ಲಕ್ಷ್ಮೀ ಟೀಚರ್ ಹೊಸ ಇಂಗ್ಲಿಷ್ ಪದವನ್ನು ಬಿಡಿಸಿ ಹೇಳಿದರು. “ಅಂದ್ರೆ ಚಿಕ್ಕಪುಟ್ಟ, ಅಷ್ಟೇನೂ ಮುಖ್ಯ ಅಲ್ಲದ ವಿವರಗಳು. ಯಾರು ಎಕ್ಸಾಂಪಲ್ ಕೊಡ್ತೀರಿ?”

ಚೇತನಾ ತಟ್ಟನೆ ಕೈ ಎತ್ತಿದಳು.

“ಟೀಚರ್, ನಮ್ಮಜ್ಜಿ ಮದುವೆಗೆ ಹೋಗಿಬಂದ್ರೆ, ಚಪ್ಪರದ ಹತ್ರ ನಾಯಿ ಮಲಗಿತ್ತು, ಅದರ ಒಂದು ಕಿವಿ ಮಡಚಿತ್ತು ಅಂತೆಲ್ಲ ಹೇಳ್ತಾಳೆ. ಮದುಮಗಳು ಬರೋದ್ರೊಳಗೆ ನಂಗೆ ನಿದ್ದೆ ಬರ್ತದೆ!”

ಕ್ಲಾಸಿಗೆ ಕ್ಲಾಸೇ ನಕ್ಕಿತು. ಟೀಚರ್ ಕೂಡ ನಕ್ಕು, “ಗುಡ್!” ಎಂದರು. ಚೇತನಾಗೆ ಖುಷಿಯೋ ಖುಷಿ.

ದಾರಿಯಲ್ಲಿ ಅವಳೇ ಹೇಳಿದ್ದನ್ನೆಲ್ಲ ಅವಳ ತಮ್ಮ ದರ್ಶನ ಸಂಜೆ ಬ್ಯಾಗು ಇಳಿಸುವ ಮೊದಲೇ ಅಜ್ಜಿಗೆ ಊದಿಬಿಟ್ಟ. ದುರ್ಗಮ್ಮಜ್ಜಿ ಸೊಪ್ಪು ಸೋಸುತ್ತಿದ್ದಳು.

“ಹಂಗಂದ್ರೆ ಎಂತದಾ?”

“ಬೇಡದಿದ್ದ ಸಣ್ಣಪುಟ್ಟ ಮಾತು, ಅಜ್ಜಿ,” ಎಂದ ದರ್ಶನ.

“ಖರೆ ಬಿಡು. ನಂದು ಮಾತು ಜಾಸ್ತಿ,” ಎಂದು ಅಜ್ಜಿ ನಕ್ಕಳು. ಸದ್ಯ, ಬೈಯಲಿಲ್ಲವಲ್ಲ ಎಂದು ಚೇತನಾ ಆಡಲು ಓಡಿದಳು.

ಭಾನುವಾರ ಅಜ್ಜಿ ಸಿದ್ದಾಪುರಕ್ಕೆ ಹೋದಳು. ಅಲ್ಲಿ ಅನುಶ್ರೀ ಅತ್ತೆಗೆ ಮಗು ಹುಟ್ಟಿತ್ತು. ಜ್ವರ ಬಂದಿದ್ದರಿಂದ ಚೇತನಾ ಮನೆಯಲ್ಲೇ ಉಳಿಯಬೇಕಾಯಿತು. ಹಗಲಿಡೀ ಅವಳ ಕಣ್ಣು ಗೇಟಿನ ಮೇಲೆ.

ಸಂಜೆ ಅಜ್ಜಿ ಬಂದಳು.

“ಅಜ್ಜಿ, ಮಗು ಹೆಂಗಿದೆ?”

“ಚಲೋ ಐತೆ.”

“ಮತ್ತೆ?”

“ಮತ್ತೇನಿಲ್ಲ. ತಾಯಿ ಮಗು ಇಬ್ರೂ ಆರಾಮ.” ಅಜ್ಜಿ ಕಾಲು ತೊಳೆದು ಒಳಗೆ ಹೋದಳು.

ಅಷ್ಟೇನಾ? ಚೇತನಾ ಜಗಲಿಯಲ್ಲೇ ನಿಂತಳು. ಮಗುವಿನ ಮೂಗು ಯಾರ ಹಾಗಿದೆ? ಅತ್ತರೆ ಕೆನ್ನೆ ಕೆಂಪಗಾಗುತ್ತದಾ? ಯಾರಿಗೂ ಮುಖ್ಯವಲ್ಲದ ಇಂಥದ್ದೇ ಅವಳಿಗೆ ಬೇಕಾಗಿತ್ತು.

ಅವಳು ಅಡುಗೆಮನೆಗೆ ಹೋದಳು. ಅಜ್ಜಿ ಚಾ ಕಾಸುತ್ತಿದ್ದಳು.

“ಅಜ್ಜಿ, ಮಗೂಗೆ ಕೂದ್ಲು ಐತಾ?”

“ಐತೆ.”

“ಎಷ್ಟು?”

ಅಜ್ಜಿ ತಿರುಗಿ ನೋಡಿದಳು. “ಅದೆಲ್ಲ ಸಣ್ಣ ವಿಷ್ಯ ಅಲ್ಲೇನೇ?”

ಚೇತನಾಳ ಮುಖ ಬಿಸಿಯಾಯಿತು. ಕಾಲಬೆರಳಿನಿಂದ ನೆಲ ಕೆರೆಯುತ್ತ ಮೆಲ್ಲಗೆ ಹೇಳಿದಳು, “ಮಗೂನೂ ಸಣ್ಣದೇ ಅಲ್ವಾ ಅಜ್ಜಿ.”

ಅಜ್ಜಿಯ ತುಟಿಯಂಚು ಅಲುಗಿತು. ಸ್ಟೌ ಸಣ್ಣ ಮಾಡಿದಳು.

“ಹಂಗಾರೆ ಕೇಳು. ಬೆಳಿಗ್ಗೆ ಎಕ್ಕಂಬಿ ಸ್ಟಾಪಲ್ಲಿ ನಿಂತಿದ್ನಾ, ಬಸ್ಸು ತುಂಬಿ ತುಳುಕ್ತಿತ್ತು…”

ಮಗುವಿನ ಸುದ್ದಿ ಬರಲು ಇನ್ನೂ ಬಹಳ ಹೊತ್ತಿತ್ತು. ಚೇತನಾ ಮಣೆ ಎಳೆದುಕೊಂಡು ಅಜ್ಜಿಯ ಹತ್ತಿರವೇ ಕುಳಿತಳು.

“ಕಿಟಕಿ ಬದಿ ಸೀಟು ಸಿಕ್ತಾ ಅಜ್ಜಿ?” ಎಂದು ಕೇಳಿದಳು.