ತಪ್ಪು ಮುಖದ ಕಲ್ಲು

"ಫೋಟೋ ಕೊಡಿ," ಎಂದ ದಿಲೋವರ್, ತಲೆ ಎತ್ತದೆ.

"ಫೋಟೋ ಇಲ್ಲ."

"ಫೋಟೋ ಇಲ್ಲದೆ ಮುಖ ಹೇಗ್ರೀ ಕೆತ್ತೋದು? ನಾನೇನು ದೇವರಾ?"

"ದೇವರ ಹತ್ರ ಹೋಗಿ ಬಂದೆ. ಅವನೂ ಇಲ್ಲ ಅಂದ. ಅದಕ್ಕೇ ಇಲ್ಲಿಗೆ ಬಂದೆ."

ಆಗ ತಲೆ ಎತ್ತಿದ. ಕಲ್ಲುಪುಡಿಯ ಆ ಅಂಗಳದಲ್ಲಿ ಹಳದಿ ಸ್ಕಾರ್ಫಿನ ಹುಡುಗಿಯೊಬ್ಬಳು ನಿಂತಿದ್ದಳು. ಅತ್ತು ಬಂದವಳ ಹಾಗೆ ಕಾಣಲಿಲ್ಲ, ಜಗಳಕ್ಕೆ ಬಂದವಳ ಹಾಗೆ ಕಂಡಳು. ಅವನಿಗೆ ಯಾಕೋ ಸಮಾಧಾನವಾಯಿತು.

ತಜಿಕಿಸ್ತಾನದ ರಾಜಧಾನಿ ದುಶಾನ್ಬೆಯ ಖಬರಸ್ತಾನದ ಗೇಟಿನ ಪಕ್ಕದಲ್ಲೇ ದಿಲೋವರನ ಅಂಗಳ. ಗೋರಿಯ ಕರಿಕಲ್ಲಿನ ಮೇಲೆ ಉಕ್ಕಿನ ಸೂಜಿಯಿಂದ ಚುಕ್ಕಿ ಚುಕ್ಕಿಯಾಗಿ ಸತ್ತವರ ಮುಖ ಕೆತ್ತುವುದು ಅವನ ಕಸುಬು; ಜನ ಅವನನ್ನು 'ಉಸ್ತೋ', ಅಂದರೆ ಮೇಸ್ತ್ರಿ, ಎನ್ನುತ್ತಿದ್ದರು. ಅಂತರ್ಯುದ್ಧ ಮುಗಿದು ಕೆಲವು ವರ್ಷವಾಗಿತ್ತು. ಹೊಡೆದಾಡಿಸಿದ ದೊಡ್ಡವರು ಕೈ ಕುಲುಕಿ, ಕುರ್ಚಿ ಹಂಚಿಕೊಂಡು, ಟೀವಿಯಲ್ಲಿ ಹಲ್ಲು ಬಿಡುತ್ತಿದ್ದರು. ಹೊಡೆದಾಡಿ ಸತ್ತ ಹುಡುಗರು ಫೋಟೋಗಳಾಗಿ ಇವನ ಅಂಗಳಕ್ಕೆ ಬರುತ್ತಿದ್ದರು. ಊರಿನಲ್ಲಿ ಯಾರಿಗೂ ಕೆಲಸವಿರಲಿಲ್ಲ. ಇವನಿಗೆ ಪುರುಸೊತ್ತಿರಲಿಲ್ಲ.

ಹುಡುಗಿಯ ಹೆಸರು ಸಬೋಹತ್. ಕಲ್ಲು ಬೇಕಿದ್ದುದು ಅವಳ ಅಣ್ಣ ಜಲೋಲನಿಗೆ.

"ಬಂದೂಕಿನವರು ಮನೆಮನೆಗೆ ನುಗ್ಗಿ ಗೋಡೆ ಮೇಲಿನ ಫೋಟೋ ನೋಡಿ ಹುಡುಗರನ್ನ ಗುರುತು ಹಿಡೀತಿದ್ರು. ಅದಕ್ಕೆ ಅಮ್ಮ ಅವನ ಒಂದು ಫೋಟೋನೂ ಬಿಡದೆ ಒಲೆಗೆ ಹಾಕಿದ್ಲು. ಆದ್ರೂ ಕರ್ಕೊಂಡು ಹೋದ್ರು. ಹೆಣಾನೂ ಕೊಡಲಿಲ್ಲ."

"ಹಾಗಾದರೆ ಅಮ್ಮನ್ನೇ ಕರ್ಕೊಂಡು ಬನ್ನಿ. ಕೇಳಿ ಕೆತ್ತುತೀನಿ."

"ಅಮ್ಮ ಅವನ ಹೆಸರು ಎತ್ತಲ್ಲ. ಆವತ್ತಿಂದ ಒಂದು ಸಲವೂ ಎತ್ತಿಲ್ಲ. ಅಪ್ಪನ ಗೋರಿ ಪಕ್ಕ ಒಂದು ಕಲ್ಲು ನಿಲ್ಲಿಸಬೇಕು ಅಂತ ಮಾತ್ರ ಹೇಳಿದಾಳೆ. ಅದು ನಿಲ್ಲೋವರೆಗೆ ನಮ್ಮನೇಲಿ ಮದುವೆ ಮಾತಿಲ್ಲ."

"ಯಾರ ಮದುವೆ?"

"ಮನೇಲಿರೋದು ನಾನೂ ಅಮ್ಮ. ಅಮ್ಮನದಂತೂ ಅಲ್ಲ."

ಅವನು ಕೆಮ್ಮಿದ. ಕಲ್ಲುಪುಡಿ ಅಂದುಕೊಂಡ.

"ಅಣ್ಣ ನಿಮ್ಮ ಹಾಗೇ ಇದ್ದರಾ?"

"ಎಲ್ಲರೂ ಹಾಗೇ ಅಂತಿದ್ರು."

"ಹಾಗಾದರೆ ಕೂತ್ಕೊಳ್ಳಿ. ಬೆಳಕಿನ ಕಡೆ ತಿರುಗಿ."

ಅವಳು ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ರಜೆಯ ದಿನ ತಂದೂರಿನಿಂದ ಆಗಷ್ಟೇ ತೆಗೆದ ರೊಟ್ಟಿ ಹಿಡಿದು ಬರುತ್ತಿದ್ದಳು. ಅವನು ಹಸಿರು ಚಹಾ ಇಡುತ್ತಿದ್ದ. ಹುಬ್ಬು ಹೇಗಿತ್ತು ಎಂದು ಅವನು ಕೇಳಿದರೆ, ಅವಳು ಬ್ಯಾಗಿನಿಂದ ಪುಟ್ಟ ಕನ್ನಡಿ ತೆಗೆದು ಒಂದು ಸಲ ಇಣುಕಿ, ಆಮೇಲೆ ಉತ್ತರ ಹೇಳುತ್ತಿದ್ದಳು.

"ಲಿಪ್‌ಸ್ಟಿಕ್ ಅಳಿಸಿಲ್ಲ ಬಿಡಿ, ಚೆನ್ನಾಗೇ ಇದೆ," ಎಂದು ಅವನು ರೇಗಿಸುತ್ತಿದ್ದ.

"ನೀವು ಅಣ್ಣನ ಮುಖ ಕೆತ್ತಿ ಉಸ್ತೋ. ನನ್ನ ತುಟಿ ಕಡೆ ನಿಮಗ್ಯಾಕೆ ಗಮನ?"

"ಅವನ ತುಟಿ ನಿಮ್ಮದರ ಹಾಗೇ ಅಂದಿರಲ್ಲ, ಅದಕ್ಕೆ."

ಅವಳಿಗೆ ಉತ್ತರ ಹೊಳೆಯದಿದ್ದಾಗ ಕೆಳತುಟಿ ಒಂದು ಪಕ್ಕಕ್ಕೆ ಜಾರುತ್ತಿತ್ತು. ಸಿಟ್ಟು ಬಂದರೆ ಎಡಗಣ್ಣು ತುಸು ಕಿರಿದಾಗುತ್ತಿತ್ತು. ಅದನ್ನು ನೋಡಲೆಂದೇ ಅವನು ಸಿಟ್ಟು ಬರಿಸುತ್ತಿದ್ದ.

ಒಂದು ದಿನ ಅವಳೇ ಕೇಳಿದಳು: "ನೀವು ಕುಲೋಬ್ ಕಡೆಯವರು ಅಲ್ವಾ?"

"ಮಾತಲ್ಲೇ ಗೊತ್ತಾಯ್ತಾ?"

"ಬಾಯಿ ಬಿಟ್ಟ ಕೂಡಲೇ."

"ನೀವು ಗರ್ಮ್ ಕಡೆ. ನನಗೂ ಆವತ್ತೇ ಗೊತ್ತಾಯ್ತು."

ಈ ಎರಡು ಸೀಮೆಯವರೇ ಎದುರುಬದುರಾಗಿ ಕಾದಾಡಿದ ಯುದ್ಧದ ದಿನಗಳಲ್ಲಿ ಇಷ್ಟು ಗೊತ್ತಾದರೆ ಸಾಕಿತ್ತು, ಬಸ್ಸಿನಿಂದ ಇಳಿಸಿ ಗೋಡೆಗೆ ನಿಲ್ಲಿಸುತ್ತಿದ್ದರು. ಇವರಿಬ್ಬರೂ ಚಹಾ ಕುಡಿದರು. ಅವಳು ಬಟ್ಟಲನ್ನು ಮತ್ತೆ ಅವನ ಮುಂದೆ ಹಿಡಿದಳು. ಕೊಡುವಾಗ ಬೆರಳು ತಗುಲಿತು. ಇಬ್ಬರೂ ಬೇಗ ಹಿಂದೆ ತೆಗೆದುಕೊಳ್ಳಲಿಲ್ಲ.

ಅವನು ಬೇಕೆಂದೇ ನಿಧಾನ ಮಾಡಿದ. ಕಲ್ಲು ಮುಗಿದರೆ ಅವಳು ಬರುವುದಿಲ್ಲ. ಮುಗಿಯದಿದ್ದರೆ ತನ್ನ ತಾಯಿಯನ್ನು ಅವಳ ಮನೆಗೆ ಹೆಣ್ಣು ಕೇಳಲು ಕಳಿಸುವ ಹಾಗಿಲ್ಲ. ಕೊನೆಗೆ ಮುಗಿಸಿದ.

ಸಬೋಹತಳ ಜೊತೆ ಅವಳ ತಾಯಿ ಬಂದಳು. ಗಿಡ್ಡ ಹೆಂಗಸು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ದಿಲೋವರ್ ಕಲ್ಲಿನ ಮೇಲಿನ ಬಟ್ಟೆ ಸರಿಸಿದ. ಅವಳು ನೋಡಿದಳು. ಚೀಲ ಕೆಳಗೆ ಬಿತ್ತು.

"ಯಾರೋ ಇದು?"

"ನಿಮ್ಮ ಮಗ, ಖಾಲಾ," ಎಂದ, ಚಿಕ್ಕಮ್ಮನನ್ನು ಕರೆಯುವ ಹಾಗೆ.

"ಇದು ನನ್ನ ಮಗಳು! ಮೀಸೆ ಅಂಟಿಸಿಬಿಟ್ರೆ ಮಗ ಆಗ್ತಾನೇನೋ? ಬದುಕಿರೋ ಹುಡುಗೀನ ಗೋರಿ ಕಲ್ಲಿಗೆ ಹತ್ತಿಸಿದೀಯಲ್ಲ, ನಿನ್ನ ಕೈ ಬಿದ್ದು ಹೋಗ!"

ದಿಲೋವರ್ ಕಲ್ಲಿನ ಕಡೆ ತಿರುಗಿದ. ಪಕ್ಕಕ್ಕೆ ಜಾರಿದ ತುಟಿ, ಕಿರಿದಾದ ಎಡಗಣ್ಣು. ಅವನ ಕಿವಿ ಬಿಸಿಯಾಯಿತು. ಇಷ್ಟು ದಿನ ಯಾರನ್ನು ಕೆತ್ತಿದೆ ಎಂಬುದು ಅಂಗಳಕ್ಕೆಲ್ಲ ಕಾಣುವಂತಿತ್ತು.

"ತಪ್ಪು ನಂದು ಖಾಲಾ," ಎಂದ. "ನಾನು ಇವರನ್ನೇ ನೋಡ್ತಿದ್ದೆ."

"ಅವರದಲ್ಲ, ನಂದು," ಎಂದಳು ಸಬೋಹತ್. ಅವಳ ಜಗಳಗಂಟಿ ದನಿ ಮೊದಲ ಸಲ ನಡುಗಿತು. "ಆಗ ನಾನು ಚಿಕ್ಕವಳು, ನನಗೆ ಅಣ್ಣನ ಮುಖ ನೆನಪಿಲ್ಲ ಅಮ್ಮ. ಎಷ್ಟು ಕಣ್ಣು ಮುಚ್ಚಿದರೂ ಬರಲ್ಲ. ನನ್ನ ಹಾಗೇ ಇದ್ದ ಅಂತ ಸುಳ್ಳು ಹೇಳಿ, ಕನ್ನಡೀಲಿ ನನ್ನ ಮುಖ ನೋಡಿಕೊಂಡು ಅದನ್ನೇ ಹೇಳಿದೆ. ನಿನ್ನ ಕೇಳೋಣ ಅಂದ್ರೆ ನೀನು ಬಾಯಿ ಬಿಡಲ್ಲ."

ತಾಯಿಗೆ ಬಂದ ಸಿಟ್ಟು ಅಂತಿಂಥದ್ದಲ್ಲ.

"ನೆನಪಿಲ್ವಾ? ನಿನ್ನ ಹೆಗಲ ಮೇಲೆ ಕೂರಿಸ್ಕೊಂಡು ತಿರುಗಿದವನ ಮುಖ ನೆನಪಿಲ್ವಾ? ಅವನೇನು ಇಷ್ಟು ಚೆಂದ ಇದ್ನೇನೇ? ನನ್ನ ಮಗ ಚೆಂದ ಇರಲಿಲ್ಲ! ಎಡಗಿವಿ ಕೆಟಲ್ ಹಿಡಿ ಥರ ಹೊರಗೆ ಚಾಚಿತ್ತು. ಮೂಗು ಹಿಪ್ಪುನೇರಳೆ ಮರದಿಂದ ಬಿದ್ದು ಸೊಟ್ಟಗಾಗಿತ್ತು. ಮುಂದಿನ ಹಲ್ಲೆರಡು ಮೊಲದ್ದು, ನಗುವಾಗ ಕೈ ಅಡ್ಡ ಇಟ್ಕೋತಿದ್ದ..."

ದಿಲೋವರ್ ಪಕ್ಕದಲ್ಲಿದ್ದ ಒಡೆದ ಕಲ್ಲಿನ ಮುಂದೆ ಕೂತು ಸೀಮೆಸುಣ್ಣ ಹಿಡಿದಿದ್ದ. ಅವಳು ಬೈಯುತ್ತಾ ಹೋದಳು, ಅವನು ಬರೆಯುತ್ತಾ ಹೋದ.

"ಅಷ್ಟು ಸಣ್ಣ ಕಿವಿ ಅಲ್ಲವೋ ದಂಡಪಿಂಡ! ಇನ್ನೂ ಎಳಿ. ಇನ್ನೂ! ಹಣೆ ಚಿಕ್ಕದು. ನಮ್ಮ ಮನೆತನದ ಹಣೆ ಅದು, ಒಬ್ಬರಿಗೂ ಹಣೆಬರಹ ಬರೆಯೋಕೆ ಜಾಗ ಇರಲಿಲ್ಲ."

ಆಮೇಲೆ ಅವಳು ಬೈಯುವುದನ್ನು ನಿಲ್ಲಿಸಿದಳು. ಬಗ್ಗಿ, ಸೀಮೆಸುಣ್ಣದ ಕಿವಿಗೆ ತಾಗಿಯೂ ತಾಗದ ಹಾಗೆ ಬೆರಳಿಟ್ಟಳು.

"ಹೂಂ. ಬಂದ," ಎಂದಳು. ಮರಳಿನ ಗುಡ್ಡೆಯ ಮೇಲೆ ಕೂತು ಸ್ಕಾರ್ಫಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಸಬೋಹತ್ ಆ ಮುಖದ ಎದುರು ಮಂಡಿಯೂರಿ, "ಅಯ್ಯೋ, ಅಣ್ಣಾ," ಎಂದಳು, ಬೀದಿಯಲ್ಲಿ ಅಕಸ್ಮಾತ್ತಾಗಿ ಸಿಕ್ಕವನನ್ನು ಕರೆದ ಹಾಗೆ.

ದಿಲೋವರ್ ಚಹಾ ತಂದುಕೊಟ್ಟ. ತಾಯಿ ಕುಡಿದು ಹೇಳಿದಳು: "ಅವನನ್ನ ಎಳ್ಕೊಂಡು ಹೋದವರು ನಿನ್ನ ಹಾಗೇ ಮಾತಾಡ್ತಿದ್ರು."

"ನಮ್ಮಣ್ಣನ್ನ ಹೊಡೆದವರು ನಿಮ್ಮ ಹಾಗೇ ಮಾತಾಡ್ತಿದ್ರು ಖಾಲಾ. ಆಗ ನಾನು ಸ್ಕೂಲಿಗೆ ಹೋಗ್ತಿದ್ದೆ. ಆಮೇಲೆ ಹೋಗಲಿಲ್ಲ."

"ಅವನಿಗೆ ಕಲ್ಲು ಹಾಕಿದ್ಯಾ?"

"ಮೊದಲು ಕೆತ್ತಿದ್ದೇ ಅದು. ಕೆಟ್ಟದಾಗಿದೆ. ಅದರ ಮೇಲೇ ಕೆಲಸ ಕಲಿತಿದ್ದು."

ತಾಯಿ ಎದ್ದು ಚೀಲ ತೆಗೆದುಕೊಂಡಳು. "ಮೊದಲು ಇವಳನ್ನ ಆ ಕಲ್ಲಿಂದ ಇಳಿಸು. ನನ್ನ ಮಗನನ್ನ ನಿಲ್ಲಿಸು. ಆಮೇಲೆ ನಿಮ್ಮಮ್ಮನ್ನ ನಮ್ಮನೆಗೆ ಕಳಿಸು. ಅವಳ ಮಗನ ಮುಖ ಹೇಗಿತ್ತು ಅಂತ ನಾನೂ ಕೇಳ್ತೀನಿ." ಗೇಟಿನ ಹತ್ತಿರ ಹೋಗಿ ತಿರುಗಿ, "ಏನೇ, ಬೇಗ ಬಾ," ಎಂದು ಹೇಳಿ ಹೊರಟೇಹೋದಳು.

ಚುಕ್ಕಿಗಳು ಆಳವಾಗಿರಲಿಲ್ಲ. ನೀರು ಹಾಕಿ ಸಾಣೆಕಲ್ಲಿನಿಂದ ಉಜ್ಜಿದರೆ ಹೋಗುತ್ತಿದ್ದವು. ದಿಲೋವರ್ ಹಣೆ ಉಜ್ಜಿದ, ಹುಬ್ಬು ಉಜ್ಜಿದ, ಬೇಡವಾದ ಮೀಸೆಯನ್ನು ಖುಷಿಯಾಗಿ ಉಜ್ಜಿದ. ಕಣ್ಣಿಗೆ ಬಂದಾಗ ಕೈ ನಿಂತಿತು.

"ಯಾಕೆ?"

"ಆಗಲ್ಲ."

"ಕೊಡು ಇಲ್ಲಿ," ಎಂದಳು. ಅವಳು ಅವನನ್ನು 'ನೀನು' ಎಂದದ್ದು ಅದೇ ಮೊದಲು. ಸಾಣೆಕಲ್ಲು ಕಿತ್ತುಕೊಂಡು, ತೋಳು ಮಡಚಿ, ಪಾತ್ರೆ ಉಜ್ಜುವ ಹಾಗೆ ತನ್ನ ಕಣ್ಣನ್ನು ತಾನೇ ಉಜ್ಜತೊಡಗಿದಳು. ಕರಿನೀರು ಇಬ್ಬರ ಪಾದಕ್ಕೂ ಹರಿಯಿತು.

"ಅಷ್ಟು ಜೋರಾಗಿ ಬೇಡ ಮಾರಾಯ್ತಿ," ಎಂದ ಅವನು. "ಅದನ್ನ ಬಹಳ ಇಷ್ಟಪಟ್ಟು ಮಾಡಿದ್ದೆ."

"ಗೊತ್ತು. ಅಮ್ಮನಿಗೂ ಗೊತ್ತಾಯ್ತು." ಅವಳು ಕೈ ನಿಲ್ಲಿಸದೆ ಮುಖ ಮಾತ್ರ ಎತ್ತಿದಳು. ಕೆನ್ನೆಯ ಮೇಲೆ ಕಲ್ಲಿನ ಕೆಸರು ಸಿಡಿದಿತ್ತು. "ಕಲ್ಲಲ್ಲಿ ಏನಿದೆ ದಿಲೋವರ್? ನಾನು ಇಲ್ಲೇ ಇದೀನಿ, ಉಸಿರಾಡ್ತಾ. ಕೆನ್ನೆ ಒರೆಸು."

ಅವನು ಒರೆಸಿದ. ಕೈಯಲ್ಲಿ ಪುಡಿಯಿದ್ದುದರಿಂದ ಕೆನ್ನೆ ಇನ್ನಷ್ಟು ಕಪ್ಪಾಯಿತು.